ಬೀದಿಯಲ್ಲೊಂದು ಕುರ್ಚಿ

ಪಿಟ್ಸ್‌ಬರ್ಗಿನ ನಮ್ಮ ಏರುಬೀದಿಯಲ್ಲಿ ರೀಜಿಸ್ ಸ್ಟೂಪಾಕನಷ್ಟು ಊರುಗಳನ್ನು ತೂಗಿ ನೋಡಿದವರು ಬೇರೆ ಯಾರೂ ಇರಲಿಲ್ಲ. ನಗರದ ಬಸ್ಸು ಓಡಿಸಿ ನಿವೃತ್ತನಾದ ಒಂಟಿ ಜೀವ. ಕೊಲಂಬಸ್ಸಿನಲ್ಲಿ ರಸ್ತೆ ಸಪಾಟು, ಒಮಾಹಾದಲ್ಲಿ ಮನೆ ಅಗ್ಗ, ನಾಕ್ಸ್‌ವಿಲ್ಲಿನಲ್ಲಿ ಚಳಿಗಾಲದಲ್ಲೂ ಬಿಸಿಲು. ನಮ್ಮೂರಿನ ಪಾಲಿಗೆ ಅವನು ಉಳಿಸುತ್ತಿದ್ದದ್ದು ಮೋಡ, ಬೀದಿಯುದ್ದದ ಮೆಟ್ಟಿಲು, ಮಂಡಿನೋವು.

ಕಡೆಗೆ ನಾಕ್ಸ್‌ವಿಲ್ ಗೆದ್ದಿತು. ರೀಜಿಸ್ ಮನೆ ಮಾರಾಟಕ್ಕೆ ಹಾಕಿದ. ಅಗ್ನಿಶಾಮಕ ಠಾಣೆಯ ಸಭಾಂಗಣದಲ್ಲಿ ಬೀಳ್ಕೊಡುಗೆಯ ಊಟ. ಪಕ್ಕದ ಮನೆಯ ಥೆಲ್ಮಾ ಹವ್ರಿಲ್ಲಾ ಅವನ ತಟ್ಟೆಗೆ ಕರಿದ ಮೀನಿನ ಇನ್ನೊಂದು ತುಂಡು ಹಾಕಿದಳು. ಅವಳ ಗಂಡ ಆಂಡ್ರೂ ತೀರಿಕೊಂಡು ಇನ್ನೂ ವರ್ಷ ತುಂಬಿರಲಿಲ್ಲ.

"ನೀನೂ ಹೊರಟುಬಿಡು ಥೆಲ್ಮಾ," ಎಂದ ರೀಜಿಸ್. "ಈ ಊರಲ್ಲಿ ಉಳಿಯೋರು ಎರಡೇ ಥರ. ಕೈಲಾಗದೋರು, ಸತ್ತೋರು."

ಥೆಲ್ಮಾ ಮುಂದಿನ ಮೇಜಿಗೆ ಹೋದಳು.

ನಾಕ್ಸ್‌ವಿಲ್ ಅವನಿಗೆ ಮೋಸ ಮಾಡಲಿಲ್ಲ, ಬಿಸಿಲಂತೂ ಇತ್ತು. ಜನವರಿಯಲ್ಲಿ ಅಪರೂಪಕ್ಕೆ ಹಿಮ ಬಿತ್ತು. ನಮ್ಮಲ್ಲಿ ಹಿಮ ತೋಡಿ ಕಾರಿಗೆ ಜಾಗ ಮಾಡಿಕೊಂಡವರು ಜಾಗ ತಮ್ಮದೆಂಬ ಗುರುತಿಗೆ ಅಲ್ಲೊಂದು ಹಳೆಯ ಕುರ್ಚಿ ಇಟ್ಟು ಹೋಗುತ್ತಾರೆ. ಅದನ್ನು ಪಾದ್ರಿಯೂ ಮುಟ್ಟುವುದಿಲ್ಲ. ರೀಜಿಸ್ ಅಲ್ಲೂ ಹಾಗೆಯೇ ಕುರ್ಚಿ ಇಟ್ಟು ಅಂಗಡಿಗೆ ಹೋದ. ಮರಳಿ ಬಂದಾಗ ಎದುರುಮನೆಯ ಜಗಲಿಯಲ್ಲಿ ಹೊಸದಾಗಿ ಮದುವೆಯಾದ ಹುಡುಗಿಯೊಬ್ಬಳು ಅದಕ್ಕೆ ನೀಲಿ ಬಣ್ಣ ಬಳಿಯುತ್ತಿದ್ದಳು.

"ಕಳ್ಳತನ ಮಾಡೋಕೆ ನಾಚಿಕೆ ಆಗಲ್ವಾ?" ಬೀದಿಗೆಲ್ಲ ಕೇಳುವಂತೆ ಕೂಗಿದ.

ಹುಡುಗಿ ಕುಂಚ ಕೆಳಗಿಟ್ಟಳು. "ಬೇಡದ್ದನ್ನ ಹೊರಗಿಟ್ಟಿದೀರಿ ಅಂದ್ಕೊಂಡೆ, ಸರ್. ಇಲ್ಲಿ ಎಲ್ರೂ ಹಂಗೇ ಇಡೋದು."

ಸಂಜೆ ಅವಳ ಗಂಡ ಕುರ್ಚಿಯನ್ನೂ, ಬಟ್ಟೆಯಲ್ಲಿ ಸುತ್ತಿದ ಬಿಸಿ ಮೆಕ್ಕೆಜೋಳದ ರೊಟ್ಟಿಯನ್ನೂ ತಂದುಕೊಟ್ಟ. "ಬಣ್ಣ ಇನ್ನೂ ಹಸಿ ಇದೆ, ಹುಷಾರು ಸರ್," ಎಂದ. ರೀಜಿಸ್ ರೊಟ್ಟಿಯ ತುಂಡೊಂದು ಮುರಿದು ಬಾಯಿಗಿಟ್ಟ. ಅಂದು ಥೆಲ್ಮಾ ಹಾಕಿದ ಮೀನೂ ಬಿಸಿಯಾಗಿಯೇ ಇತ್ತೆಂಬುದು ನೆನಪಾಯಿತು. ಇದನ್ನು ಅವನೇ ಆಮೇಲೆ ನನಗೆ ಹೇಳಿದ.

ಫೆಬ್ರವರಿಯ ಒಂದು ಬೆಳಿಗ್ಗೆ ಅವನ ಕಾರು ನಮ್ಮ ಬೀದಿ ಏರಿ ಬಂತು. ಎರಡೂ ಬದಿಗೆ ಹಿಮದ ಗುಡ್ಡೆ. ಮಾರಾಟವಾಗದೆ ನಿಂತ ಅವನ ಮನೆಯ ಮುಂದೆ ಮಾತ್ರ ಜಾಗ ತೆರವಾಗಿತ್ತು, ನಡುವೆ ಒಂದು ಮರದ ಕುರ್ಚಿ. ರೀಜಿಸ್ ನಡುರಸ್ತೆಯಲ್ಲೇ ಕಾರು ನಿಲ್ಲಿಸಿ ಕೂತುಬಿಟ್ಟ.

ಥೆಲ್ಮಾ ಮನೆಚಪ್ಪಲಿಯಲ್ಲೇ ಹೊರಗೆ ಬಂದಳು. "ಜೀವಮಾನವೆಲ್ಲ ಬಸ್ಸು ಓಡಿಸ್ದೋನು, ಒಂದು ಕಾರು ನಿಲ್ಸೋಕೆ ಬರಲ್ವೇನೋ?"

"ಇದು ಆಂಡ್ರೂ ಕೂರ್ತಿದ್ದ ಕುರ್ಚಿ ಅಲ್ವಾ?"

"ಹೌದು, ಸತ್ತೋನದ್ದು. ಹಿಮ ತೋಡಿದ್ದು ಕೈಲಾಗದೋಳು."

ರೀಜಿಸ್ ಕೆಳಗೆ ನೋಡಿದ. "ನಾನು ಬರ್ತೀನಿ ಅಂತ ಗೊತ್ತಿತ್ತಾ?"

"ನೀನಾ? ಮನೆ ನೋಡೋಕೆ ಬರೋರಿಗೆ ಜಾಗ ಬೇಡ್ವಾ? ಬೇಗ ಮಾರಾಟ ಆಗ್ಲಿ, ನೀನು ಅಲ್ಲಿ ನೆಮ್ಮದಿಯಾಗಿರು ಅಂತ ಇಟ್ಟಿದ್ದು."

ಬೈದಿದ್ದರೆ ಅವನಿಗೆ ಹಗುರಾಗುತ್ತಿತ್ತೇನೋ. ಕಾರನ್ನು ಹಿಂದಕ್ಕೆ ತೆಗೆದುಕೊಂಡು ಹೋಗಿ ಇಳಿಜಾರಿನ ಬುಡದಲ್ಲಿ ನಿಲ್ಲಿಸಿದ. ಕಾರಿನಲ್ಲಿ ತಂದಿದ್ದ ನೀಲಿ ಕುರ್ಚಿ ಹೆಗಲಿಗೇರಿಸಿ, ತಾನು ಶಪಿಸುತ್ತಿದ್ದ ಅದೇ ಮೆಟ್ಟಿಲುಗಳನ್ನು ಹತ್ತಿ ಬಂದ. ಆಂಡ್ರೂನ ಕುರ್ಚಿಯ ಬದಲಿಗೆ ಅದನ್ನು ಜಾಗದಲ್ಲಿಟ್ಟು, ಆಂಡ್ರೂನದ್ದರ ಮೇಲಿನ ಹಿಮವನ್ನು ಕೋಟಿನ ತೋಳಿನಿಂದ ಒರೆಸಿ, ಅವಳ ಬಾಗಿಲಿಗೆ ಒಯ್ದ.

"ಥೆಲ್ಮಾ, ಆವತ್ತು ನಾನು ಆಡಿದ್ದು..."

"ಒಳಗೆ ಬಾ, ಕಾಫಿ ಇದೆ."

ರೀಜಿಸ್ ಹೊಸ್ತಿಲು ದಾಟಲಿಲ್ಲ. ಅಲ್ಲೇ ಗೋಡೆಗೆ ಒರಗಿಸಿಟ್ಟಿದ್ದ ಅವಳ ಸಲಿಕೆ ತೆಗೆದುಕೊಂಡು, ಬೆನ್ನು ತಿರುಗಿಸಿ, ಅವಳ ಮೆಟ್ಟಿಲ ಮೇಲಿನ ಹಿಮ ತೋಡತೊಡಗಿದ.