ಕಾಗದ ಸುತ್ತಿ ಕೊಟ್ಟ ಶಹಾನ

ನಮ್ಮ ಮನೆಯವರ ಫೋನಿಗೆ ಈಗ ನಾನೇ ಕಣ್ಣು. ಹೋದ ವಾರ ಅವರ ಬಲಗಣ್ಣಿನ ಪೊರೆ ತೆಗೆಸಿಕೊಂಡು ಬಂದೆವು. ಕಪ್ಪು ಕನ್ನಡಕ ಏರಿಸಿ, ಚಾಮರಾಜಪೇಟೆಯ ಈ ಹಳೆಯ ಹಜಾರದಲ್ಲಿ ಕಾಲು ಚಾಚಿ ಕೂತಿದ್ದಾರೆ. ಫೋನು ನೋಡಬೇಡಿ ಎಂದು ಡಾಕ್ಟರು ಹೇಳಿದ್ದಾರೆ. ಹೆಂಡತಿಯ ಕೈಲಿ ಓದಿಸಬೇಡಿ ಎಂದು ಹೇಳಿಲ್ಲ. ಹಾಗಾಗಿ ಅದು ಟಿಂಗ್ ಎಂದಾಗಲೆಲ್ಲ ನಾನು ಸೆರಗಿಗೆ ಕೈ ಒರೆಸಿಕೊಂಡು ಬಂದು ಓದಬೇಕು, ಅವರು ಹೇಳಿದ್ದನ್ನು ಅಕ್ಷರ ಅಕ್ಷರ ಒತ್ತಿ ಕಳಿಸಬೇಕು. ನಿನ್ನೆ ಬೆಳಗ್ಗೆ ಹಾಗೆ ಬಂದದ್ದು ಅವರ ಗೆಳೆಯ ಶ್ರೀಕಂಠಯ್ಯನವರ ಪ್ರಶ್ನೆ. 'ಈ ವಾರ ಯಾರ್ಯಾರು ಯಾವ ಆಲ್ಬಂ ಕೇಳ್ತಿದ್ದೀರಿ? ತಿಳಿಸಿ.'

ಆ ವಾಟ್ಸಾಪ್ ಗುಂಪಿನಲ್ಲಿರುವುದು ಮೂರೇ ಜನ. ಒಬ್ಬರು ಕೇಳುತ್ತಾರೆ, ಇನ್ನಿಬ್ಬರು ಲಿಂಕು ಕಳಿಸುತ್ತಾರೆ, ಮೂವರೂ ಹೊಗಳುತ್ತಾರೆ. ಎರಡು ಗಂಟೆಯ ಕಛೇರಿ ಕಳಿಸಿ ಇನ್ನೂ ಫೋನು ಕೆಳಗಿಟ್ಟಿರುವುದಿಲ್ಲ, ಆಗಲೇ 'ಅಮೋಘ' ಎಂದು ಉತ್ತರ ಬಂದಿರುತ್ತದೆ. ಈ ವಾರ ನಮ್ಮವರಿಗೆ ಬಂದ ಲಿಂಕುಗಳಿಗೆಲ್ಲ 'ದೈವಿಕ', 'ಕಣ್ಣು ತುಂಬಿತು' ಎಂದು ಒತ್ತಿ ಕಳಿಸಿದವಳು ನಾನೇ. ಕಣ್ಣಿಗೆ ಕಪ್ಪು ಕನ್ನಡಕ ಏರಿಸಿಕೊಂಡವರ ಪರವಾಗಿ ಕಣ್ಣು ತುಂಬಿತು ಎಂದು ಬರೆಯುವ ಪುಣ್ಯ ಎಷ್ಟು ಜನಕ್ಕೆ ಸಿಗುತ್ತದೆ, ನೀವೇ ಹೇಳಿ.

ಒಂದು ಕಾಲದಲ್ಲಿ ಈ ಮೂವರೂ ನಿಜವಾಗಿ ಕೇಳುತ್ತಿದ್ದರು. ಇಲ್ಲವೆಂದರೆ ನನ್ನ ನಾಲಿಗೆ ಬಿದ್ದುಹೋದೀತು. ಮನೆಗಳಲ್ಲಿ ರೆಕಾರ್ಡುಗಳೂ ಕ್ಯಾಸೆಟ್ಟುಗಳೂ ಒಟ್ಟಿಗೆ ಬಾಳುತ್ತಿದ್ದ ಕಾಲ ಅದು. ಭಾನುವಾರ ತಿಂಡಿಯಾದ ಮೇಲೆ ಇದೇ ಹಜಾರದಲ್ಲಿ ಮೂವರು ಸೇರುತ್ತಿದ್ದರು. ನಮ್ಮವರು ಬ್ಯಾಂಕಿನವರು. ಬಸವನಗುಡಿಯ ಶ್ರೀಕಂಠಯ್ಯನವರು ಕಾಲೇಜಿನಲ್ಲಿ ಭೌತಶಾಸ್ತ್ರದ ಮೇಷ್ಟ್ರು. ಕಂಪನದ ಲೆಕ್ಕ ಬಲ್ಲವರೆಂದು ಶ್ರುತಿಯ ವಿಚಾರದಲ್ಲಿ ಅವರ ಮಾತೇ ಕೊನೆಯದು. ಗೋಪಿನಾಥ ಇಬ್ಬರಿಗಿಂತಲೂ ಚಿಕ್ಕವರು, ಸುಲ್ತಾನ್‌ಪೇಟೆಯಲ್ಲಿ ಲಗ್ನಪತ್ರಿಕೆಯ ಅಂಗಡಿ ಇಟ್ಟವರು, ನನ್ನನ್ನು ಅತ್ತಿಗೆ ಎನ್ನುತ್ತಿದ್ದರು.

ಅವರದೊಂದು ಪದ್ಧತಿ ಇತ್ತು. ಆ ವಾರ ತನ್ನನ್ನು ಹಿಡಿದು ಕೂರಿಸಿದ್ದನ್ನು ಒಬ್ಬೊಬ್ಬರೂ ತರಬೇಕು, ಆದರೆ ಹಾಡಿದವರು ಯಾರೆಂದು ಹೇಳಕೂಡದು. ಕವರಿಗೆ ಕಾಗದ ಸುತ್ತಿರಬೇಕು. ಕ್ಯಾಸೆಟ್ಟಾದರೆ ಅದರ ಮೈಮೇಲಿನ ಬರಹಕ್ಕೂ ಒಂದು ತುಂಡು ಅಂಟಿಸಬೇಕು. ಎಲ್ಲರೂ ಕೇಳಿ, ಅನ್ನಿಸಿದ್ದನ್ನು ಹೇಳಿ ಮುಗಿಸಿದ ಮೇಲೆ ಕಾಗದ ಬಿಚ್ಚುವುದು. 'ಹೆಸರು ಬಿದ್ರೆ ಕಿವಿ ಕೆಟ್ಟುಹೋಗುತ್ತೆ ಕಣಯ್ಯಾ. ನಾವು ಹಾಡು ಕೇಳೋಕೆ ಕೂತಿರೋದು, ಹೆಸರು ಕೇಳೋಕಲ್ಲ' ಎಂಬುದು ಶ್ರೀಕಂಠಯ್ಯನವರ ಸಿದ್ಧಾಂತ. ಯಾರಿಗಾದರೂ ತುಂಬಾ ಹಿಡಿಸಿದರೆ 'ಇದು ನನಗೆ' ಎಂದು ತಮ್ಮ ಚೀಲಕ್ಕೆ ಹಾಕಿಕೊಳ್ಳುತ್ತಿದ್ದರು, ಒಂದು ವಾರ ಇಟ್ಟುಕೊಂಡು ಕೇಳಲು. ಅವರ ಲೋಕದಲ್ಲಿ ಅದಕ್ಕಿಂತ ದೊಡ್ಡ ಬಿರುದಿಲ್ಲ.

ಕಾಗದ ಗೋಪಿನಾಥರ ಅಂಗಡಿಯದು. ಅಚ್ಚು ತಪ್ಪಿ ಯಾರೂ ಒಯ್ಯದ ಲಗ್ನಪತ್ರಿಕೆಗಳ ದಪ್ಪ ಹಾಳೆ. ವರನ ತಂದೆಯ ಹೆಸರು ಬಿಟ್ಟುಹೋದದ್ದು, ಮುಹೂರ್ತ ಬೆಳಗಿನದು ರಾತ್ರಿಯಾದದ್ದು, ವಧುವಿನ ಜಾಗದಲ್ಲಿ ಅವಳ ಅಕ್ಕನ ಹೆಸರು ಬಿದ್ದದ್ದು. ಉಳಿದ ಹಾಳೆಗಳನ್ನು ನಾನು ಅಡುಗೆಮನೆಯ ಗೂಡುಗಳಿಗೆ ಹಾಸುತ್ತಿದ್ದೆ. ನಮ್ಮ ಮೆಂತ್ಯ, ಸಾಸಿವೆ ಡಬ್ಬಿಗಳೆಲ್ಲ ಯಾರದೋ ಕೆಟ್ಟ ಮದುವೆಯ ಮೇಲೆ ಕೂತಿರುತ್ತಿದ್ದವು.

ನನ್ನ ಜಾಗ ಯಾವುದೆಂದು ಹೇಳಬೇಕಾಗಿಲ್ಲ. ರೆಕಾರ್ಡಿನ ಒಂದು ಮಗ್ಗುಲು ಮುಗಿಯುವ ಹೊತ್ತಿಗೆ ಕಾಫಿ ಸಿದ್ಧವಿರಬೇಕು. ಪಲ್ಲವಿಗೆ ಹಾಲಿಟ್ಟು, ಮೃದಂಗದ ತನಿ ಮುಗಿಯುವಾಗ ಡಿಕಾಕ್ಷನ್ ಬೆರೆಸಿದರೆ ಸರಿಹೋಗುತ್ತಿತ್ತು. ಮಧ್ಯೆ ಲೋಟ ಸದ್ದು ಮಾಡಿದರೆ ಮೂರು ತಲೆಗಳು ಒಟ್ಟಿಗೆ ಇತ್ತ ತಿರುಗುತ್ತಿದ್ದವು. ಲೋಟ ಸದ್ದು ಮಾಡದೆ ಬದುಕುವುದನ್ನು ನಾನು ಹಾಗೆ ಕಲಿತೆ. ನನಗೇನನ್ನಿಸಿತೆಂದು ಯಾರೂ ಕೇಳಿದ್ದಿಲ್ಲ. ಉಪ್ಪಿಟ್ಟಿನ ವಿಚಾರದಲ್ಲಿ ಮಾತ್ರ ಕೇಳುತ್ತಿದ್ದರು, ಈರುಳ್ಳಿ ಹಾಕಿದೀರಾ ಅಂತ.

ನಾನು ಹಾಡುತ್ತಿದ್ದೆ. ಇದನ್ನು ಇಷ್ಟು ತಡವಾಗಿ ಹೇಳುತ್ತಿದ್ದೇನೆ, ನೋಡಿ, ಅಭ್ಯಾಸ. ಮಲ್ಲೇಶ್ವರದ ನನ್ನ ತವರಿನಲ್ಲಿ ಬೆಳಗಿನ ಕಾಫಿಗಿಂತ ಮೊದಲು ಶ್ರುತಿಪೆಟ್ಟಿಗೆ ಏಳುತ್ತಿತ್ತು. ನಮ್ಮ ಮೇಷ್ಟ್ರು ಬಾಯಿಬಿಟ್ಟು ಹೊಗಳಿದವರಲ್ಲ, ಆದರೆ ಮದುವೆಯ ಹಿಂದಿನ ವರ್ಷ ರಾಮೋತ್ಸವದಲ್ಲಿ ಪೆಂಡಾಲಿನ ವೇದಿಕೆ ಹತ್ತಿಸಿ ಕೂರಿಸಿದರು. ಆಮೇಲೆ ಇವರು ನನ್ನನ್ನು ನೋಡಲು ಬಂದರು. ಒಂದು ಹಾಡು ಹೇಳಿಸಿ ಎಂದರು, ಹೇಳಿದೆ, ಒಪ್ಪಿದರು. ಮದುವೆಯಾದ ಮೇಲೆ ಹಾಡಬೇಡ ಎಂದು ಈ ಮನೆಯಲ್ಲಿ ಯಾರೂ ಅನ್ನಲಿಲ್ಲ. ಹಾಡು ಎಂದೂ ಅನ್ನಲಿಲ್ಲ. ಗೌರಿಹಬ್ಬದ ಆರತಿಗೆ ಎರಡು ಸಾಲು ಹಾಡಿಕೊಂಡರೆ, ಅಷ್ಟಕ್ಕೆ ವರ್ಷ ಮುಗಿಯಿತು. ಬಾಗಿಲು ಮುಚ್ಚಿದವರು ಯಾರೂ ಇಲ್ಲದಿದ್ದರೆ ಯಾರ ಮೇಲೆ ಸಿಟ್ಟು ಮಾಡುವುದು? ನಾನು ಪಾತ್ರೆಗಳ ಮೇಲೆ ಮಾಡುತ್ತಿದ್ದೆ.

ಹೀಗಿರುವಾಗ ನನ್ನ ಅಣ್ಣ ಒಂದು ಕ್ಯಾಸೆಟ್ಟು ಕೊಟ್ಟ. ಆ ರಾಮೋತ್ಸವದ ದಿನ ಅವನು ಯಾರಿಂದಲೋ ಎರವಲು ತಂದ ದೊಡ್ಡ ರೆಕಾರ್ಡರಿನಲ್ಲಿ ನನ್ನ ಶಹಾನ ರಾಗವನ್ನು ಹಿಡಿದಿಟ್ಟಿದ್ದನಂತೆ. ಅದನ್ನು ಎಷ್ಟೋ ವರ್ಷದ ಮೇಲೆ ಕ್ಯಾಸೆಟ್ಟಿಗೆ ಇಳಿಸಿಕೊಟ್ಟ. ಮನೆಯಲ್ಲಿ ಯಾರೂ ಇಲ್ಲದಾಗ ಕೇಳಿದೆ. ಮೊದಲು ನಾಚಿಕೆಯಾಯಿತು, ಆಮೇಲೆ ಆ ಹುಡುಗಿ ಯಾರೋ ಚೆನ್ನಾಗಿ ಹಾಡುತ್ತಾಳಲ್ಲ ಅನ್ನಿಸಿತು. ಅನ್ನಿಸಿದ್ದು ಸರಿಯೇ? ನನ್ನ ಕಿವಿ ನನ್ನದೇ ಹಾಡಿಗೆ ಸಾಕ್ಷಿಯಾಗಲಾರದು. ಹೆಸರು ನೋಡದೆ ಕೇಳುವ ಮೂವರು ವಾರವಾರ ನನ್ನ ಹಜಾರಕ್ಕೇ ಬರುತ್ತಿದ್ದರು. ಅವರಿಂದ ತಿಳಿಯಬೇಕಿತ್ತು. ನಿಜ ಹೇಳುವುದಾದರೆ ಇವರೊಬ್ಬರಿಂದ ತಿಳಿದರೆ ಸಾಕಿತ್ತು.

ಅದು ಲಗ್ನಗಳ ಕಾಲ. ಗೋಪಿನಾಥ ಬರುವುದು ಅನುಮಾನ ಎಂದು ಇವರೇ ಹೇಳಿದ್ದರು. ಗೂಡಿನಿಂದ ಒಂದು ಹಾಳೆ ಎಳೆದು ಕ್ಯಾಸೆಟ್ಟಿಗೆ ಸುತ್ತಿದೆ, ಮೈಮೇಲೆ ತುಂಡು ಅಂಟಿಸಿದೆ, ಟೀಪಾಯಿಯ ಮೇಲಿಟ್ಟು, 'ಗೋಪಿನಾಥ ನಿನ್ನೆ ಸಂಜೆ ಕೊಟ್ಟುಹೋದ್ರು. ಅಂಗಡಿ ಬಿಟ್ಟು ಬರೋಕಾಗಲ್ವಂತೆ' ಎಂದೆ. ಸುಳ್ಳು ಸಲೀಸಾಗಿ ಬಂತು. ಲೋಟದ ಸದ್ದು ಅಡಗಿಸಿದವಳಿಗೆ ಇದೇನು ಕಷ್ಟ?

ಕ್ಯಾಸೆಟ್ಟು ತಿರುಗಿತು. ನಾನು ಅಡುಗೆಮನೆಯ ಬಾಗಿಲ ಮರೆಯಲ್ಲಿ ನಿಂತಿದ್ದೆ. ಒಲೆಯ ಮೇಲಿನ ಹಾಲು ಉಕ್ಕಿ ಹರಿಯಿತು, ಆರಿಸಲು ಹೋಗಲಿಲ್ಲ. ಆಲಾಪನೆ ಮೇಲೇರಿ ಗಾಂಧಾರಕ್ಕೆ ಬಂದು ನಿಂತಾಗ ಶ್ರೀಕಂಠಯ್ಯನವರು ತೊಡೆ ತಟ್ಟಿದರು. 'ಆಹಾ, ಆ ಗಾಂಧಾರ ನೋಡು! ಎಲ್ಲಿ ನಿಲ್ಲಬೇಕೋ ಅಲ್ಲೇ ನಿಂತಿದೆ. ಒಂದು ಕೂದಲೆಳೆ ಆಚೀಚೆ ಇಲ್ಲ. ಇದು ಮದರಾಸಿನ ಪಾಠ ಕಣಯ್ಯಾ.' ಇವರು ಕಣ್ಣು ಮುಚ್ಚಿಯೇ ತಲೆಯಾಡಿಸಿದರು. 'ಅಲ್ಲ, ಅಲ್ಲ. ಮೈಸೂರಿನ ಗತ್ತು ಇದೆ. ಯಾರೇ ಆಗ್ಲಿ, ಈಕೆ ಕಛೇರಿ ಎಲ್ಲಿದ್ರೂ ಹೇಳು, ಎಷ್ಟು ದೂರ ಆದ್ರೂ ಹೋಗೋಣ.'

ಬಾಗಿಲ ಮರೆ ಅಷ್ಟೇನೂ ದೂರವಿರಲಿಲ್ಲ. ಅಲ್ಲಿ ನಿಂತವಳಿಗೆ ಆ ಕ್ಷಣ ಏನಾಯಿತೆಂದು ಹೇಳಲು ನನಗೆ ಬರುವುದಿಲ್ಲ. ಸಂತೋಷ ಎನ್ನಿ. ಅಂಥದ್ದು ನನಗೆ ಅದಕ್ಕೆ ಮೊದಲು ಆಗಿರಲಿಲ್ಲ, ಆಮೇಲೆಯೂ ಆಗಿಲ್ಲ. ಹಾಡು ಮುಗಿಯಿತು. ಶ್ರೀಕಂಠಯ್ಯನವರು ಕ್ಯಾಸೆಟ್ಟು ತೆಗೆದು, 'ಇದು ನನಗೆ' ಎಂದು ಚೀಲಕ್ಕೆ ಹಾಕಿಕೊಂಡರು. ಹೆಸರನ್ನು ಗೋಪಿನಾಥನ ಎದುರೇ ಬಿಚ್ಚೋಣ, ಅವನು ತಂದದ್ದಲ್ಲವೇ ಎಂದು ತೀರ್ಮಾನವಾಯಿತು.

ಅಷ್ಟರಲ್ಲಿ ಗೋಪಿನಾಥರೇ ಬಂದುಬಿಟ್ಟರು. 'ಏನೋ ಗೋಪಿ, ಎಂಥ ಮಾಲು ಕೊಟ್ಟುಹೋಗಿದೀಯೋ!' ಎಂದರು ಇವರು.

'ನಾನೆಲ್ಲಿ ಕೊಟ್ಟೆ? ನಿನ್ನೆ ಇಡೀ ದಿನ ಪ್ರೆಸ್ಸಲ್ಲೇ ಇದ್ನಲ್ಲ.'

ಶ್ರೀಕಂಠಯ್ಯನವರು ಚೀಲಕ್ಕೆ ಕೈ ಹಾಕಿ ಕಾಗದ ಬಿಚ್ಚಿದರು. ಒಳಗೆ ಅಣ್ಣನ ದುಂಡು ಅಕ್ಷರದಲ್ಲಿ ನನ್ನ ಹೆಸರು. ಕಾಫಿ ತಟ್ಟೆ ಹಿಡಿದು ನಾನು ಹಜಾರದ ನಡುವೆ ನಿಂತಿದ್ದೆ. ಮೂವರೂ ನನ್ನನ್ನು ನೋಡಿದರು, ಈ ಸಲ ಲೋಟ ಸದ್ದು ಮಾಡಿರಲಿಲ್ಲ.

ಇವರೇ ಮೊದಲು ನಕ್ಕರು. 'ಅಯ್ಯೋ, ನೀನೇನೇ? ಮೊದ್ಲೇ ಹೇಳೋದಲ್ವಾ? ಆ ದೃಷ್ಟಿಯಿಂದ ಕೇಳ್ತಿದ್ವಿ.' ಆ ದೃಷ್ಟಿ ಯಾವುದೆಂದು ನಾನು ಕೇಳಲಿಲ್ಲ. 'ಆಗಿನ ಮೈಕುಗಳು ಚೆನ್ನಾಗಿದ್ವು, ಅಲ್ವೇನಯ್ಯಾ?' ಎಂದು ಗೆಳೆಯನತ್ತ ತಿರುಗಿದರು.

ಶ್ರೀಕಂಠಯ್ಯನವರು ಗಂಟಲು ಸರಿಮಾಡಿಕೊಂಡರು. 'ಚೆನ್ನಾಗಿದೆಯಮ್ಮಾ. ಮನೆಮಟ್ಟಕ್ಕೆ ತುಂಬಾ ಚೆನ್ನಾಗಿದೆ. ಆ ಗಾಂಧಾರ ಒಂದು ಚೂರು ಅಲುಗಾಡಿತು ಅಂತ ನನಗೆ ಆಗಲೇ ಅನ್ನಿಸ್ತು. ಹೇಳೋಣ ಅನ್ನೋವಷ್ಟರಲ್ಲಿ ಇವನು ಬಂದ.'

ಅದೇ ಗಾಂಧಾರ! ಕೂದಲೆಳೆ ಆಚೀಚೆ ಇಲ್ಲದ್ದು! ಹಿತ್ತಲ ಗಿಡ ಮದ್ದಲ್ಲ ಎನ್ನುತ್ತಾರೆ. ನಮ್ಮ ಮನೆಯಲ್ಲಿ ಅದು ಮದ್ದೇ ಆಗಿತ್ತು, ಹಿತ್ತಲಿನದೆಂದು ಗೊತ್ತಾಗುವವರೆಗೆ. ಮಾತನ್ನಾದರೂ ನಾನು ನುಂಗಿಕೊಳ್ಳುತ್ತಿದ್ದೆನೋ ಏನೋ. ಆದರೆ ಹೊರಡುವಾಗ ಶ್ರೀಕಂಠಯ್ಯನವರು ಚೀಲದೊಳಗೆ ಮತ್ತೆ ಸೇರಿಸಿದ್ದ ಕ್ಯಾಸೆಟ್ಟನ್ನು ಹೊರಗೆ ತೆಗೆದು ಟೀಪಾಯಿಯ ಮೇಲಿಟ್ಟರು. ಮೆತ್ತಗೆ ಇಟ್ಟರು, ಬೇರೆಯವರ ಮನೆಯ ವಸ್ತುವನ್ನು ತಪ್ಪಿ ಒಯ್ಯುತ್ತಿದ್ದವರ ಹಾಗೆ. ಇವರು ಅದನ್ನು ನೋಡಿದರು. 'ಯಾಕಯ್ಯಾ, ತಗೊಂಡು ಹೋಗು' ಎನ್ನಲಿಲ್ಲ.

ಗೋಪಿನಾಥರೊಬ್ಬರು, 'ಅತ್ತಿಗೆ, ನಾನು ಕೇಳಲೇ ಇಲ್ವಲ್ಲ. ಮೊದ್ಲಿಂದ ಹಾಕ್ತೀರಾ?' ಎಂದರು. 'ಹೊತ್ತಾಯ್ತು ಬಿಡೋ, ಮುಂದಿನ ವಾರ ಹಾಕೋಣ' ಎಂದರು ಇವರು. ಮುಂದಿನ ವಾರ ಯಾರೂ ಅದರ ಸುದ್ದಿ ಎತ್ತಲಿಲ್ಲ. ನಾನೂ ಎತ್ತಲಿಲ್ಲ. ಭಿಕ್ಷೆಯನ್ನಾದರೂ ಒಂದೇ ಮನೆಯ ಮುಂದೆ ಎರಡು ಸಲ ಬೇಡಬಾರದು. ನನಗೆ ಆವತ್ತು ಅಳು ಬರಲಿಲ್ಲ, ಸಿಟ್ಟು ಬಂತು. ಬಂದದ್ದು ಇನ್ನೂ ಹೋಗಿಲ್ಲ. ವಯಸ್ಸಾದ ಮೇಲೆ ಎಲ್ಲ ತಿಳಿಯಾಗುತ್ತದೆ ಎನ್ನುವವರ ಮಾತು ನಂಬಬೇಡಿ.

ನಿನ್ನೆಯದಕ್ಕೆ ಬರುತ್ತೇನೆ. ಇವರು ಹೇಳಿದ ಯಾವುದೋ ಆಲ್ಬಮ್ಮಿನ ಹೆಸರು ಒತ್ತಿ ಕಳಿಸಿ ಅಡುಗೆಮನೆಗೆ ಹೋಗುವಷ್ಟರಲ್ಲಿ ಶ್ರೀಕಂಠಯ್ಯನವರದು ಮತ್ತೊಂದು ಬಂತು. ಗಟ್ಟಿಯಾಗಿ ಓದಿದೆ. 'ಜ್ಞಾಪಕ ಇದೆಯೇನಯ್ಯಾ, ನಿನ್ನ ಹೆಂಡತಿಯ ಶಹಾನ? ಹೆಸರು ಹೇಳದೆ ಹಾಕಿದ್ದರು. ಆಲಾಪನೆ ಶುರುವಾದ ಕೂಡಲೇ ನಾವು ಗುರುತು ಹಿಡಿದೆವಲ್ಲ! ಅಂಥ ಕಿವಿ ಈಗ ಯಾರಿಗಿದೆ?'

ಓದಿ ನಿಂತೆ. ಕಪ್ಪು ಕನ್ನಡಕದ ಕೆಳಗೆ ಇವರ ಮುಖ ಅರಳಿತು. 'ಹೌದು ಅಂತ ಹಾಕು. ಎರಡು ಸ್ವರಕ್ಕೇ ನನಗೆ ಗೊತ್ತಾಯ್ತು ಅಂತ ಬರಿ.'

ತಮಾಷೆ ಮಾಡುತ್ತಿದ್ದಾರೆಯೇ ಎಂದು ನೋಡಿದೆ. ಇಲ್ಲ. ಇಷ್ಟು ವರ್ಷ ಅದನ್ನು ಹಾಗೆಯೇ ನೆನಪಿಟ್ಟುಕೊಂಡು ಸುಖವಾಗಿದ್ದರು. ನನ್ನ ಸಿಟ್ಟಿಗೆ ಇದ್ದ ಸಾಕ್ಷಿಗಳಿಬ್ಬರೂ ಸಾಕ್ಷಿ ತಿರುಗಿಸಿಕೊಂಡು ಕೂತಿದ್ದರು. ನಾನು ಒತ್ತತೊಡಗಿದೆ, ನಿಧಾನವಾಗಿ, ಒಂದು ಅಕ್ಷರವೂ ತಪ್ಪದ ಹಾಗೆ. ಆಮೇಲೆ ಅದನ್ನೂ ಗಟ್ಟಿಯಾಗಿ ಓದಿದೆ. 'ಇಲ್ಲ. ಯಾರೂ ಗುರುತು ಹಿಡಿಯಲಿಲ್ಲ. ಗೊತ್ತಾದ ಮೇಲೆ ಚೀಲದಿಂದ ತೆಗೆದಿಟ್ಟು ಹೋದಿರಿ. ಬರೆದವರು ಇವರಲ್ಲ, ನಾನು.'

'ಕಳಿಸಿಬಿಟ್ಯಾ?'

'ಕಳಿಸಿದೆ.'

ಇವರು ಕೈಯ ಉಗುರು ಸವರಿಕೊಂಡರು. 'ನಾನು ಹಿಡೀಲಿಲ್ವಾ?' ಎಂದರು. ನಾನೇ ಅವರಿಗೆ ಏನೋ ಅನ್ಯಾಯ ಮಾಡಿದ ಹಾಗಿತ್ತು ಧ್ವನಿ.

'ಇಲ್ಲ.'

'ಅದು ಇದೆಯಾ ಈಗ?'

ಇತ್ತು. ಅಣ್ಣನ ಮಗ ಅದನ್ನು ನನ್ನ ಫೋನಿಗೆ ಹಾಕಿಕೊಟ್ಟು ವರ್ಷವಾಗಿತ್ತು. ಇದೆ ಎಂದೆ.

'ಹಾಕು ಮತ್ತೆ. ಹೇಗಿದ್ರೂ ಕಣ್ಣಿಗೆ ಕೆಲಸ ಇಲ್ಲ. ಈ ಸಲ ಹಿಡೀತೀನಿ ನೋಡು.'

'ಈ ಸಲ ನಿಮಗೆ ಹೆಸರು ಗೊತ್ತಿದೆಯಲ್ಲ' ಎಂದೆ. 'ಹೆಸರು ಗೊತ್ತಿರೋದನ್ನ ಹಾಕೋ ಹಾಗಿಲ್ಲ. ಪದ್ಧತಿ ನಿಮ್ಮದೇ.'

ನಾನೂ ಅಲ್ಲೇ ಕುರ್ಚಿಯಲ್ಲಿ ಕೂತೆ. ಇವರಿಗೆ ನನ್ನ ಹಾಡು ಕೇಳಿಸಬೇಕೆಂದು ಆವತ್ತು ಹಾಲು ಉಕ್ಕಲು ಬಿಟ್ಟು ನಿಂತಿದ್ದೆನಲ್ಲ, ಆ ಆಸೆ ಇನ್ನೂ ಎಲ್ಲಾದರೂ ಉಳಿದಿದೆಯೇ ಎಂದು ಒಳಗೆ ಹುಡುಕಿ ನೋಡಿಕೊಂಡೆ. ಇರಲಿಲ್ಲ.