ಅಂಗಾಲಿನ ಜಂಬ

ನನ್ನ ಅಂಗಾಲು ಎಷ್ಟು ಮೆತ್ತಗಿದೆಯೆಂಬುದು ಐವತ್ತೆರಡು ವರ್ಷ ನನಗೇ ಗೊತ್ತಿರಲಿಲ್ಲ. ತಿಳಿಸಿಕೊಟ್ಟದ್ದು ಜಗಳೂರಿನ ಒಂದು ಜಲ್ಲಿಕಲ್ಲು.

ಚನ್ನಗಿರಿ, ಹೊನ್ನಾಳಿ, ನ್ಯಾಮತಿ, ಜಗಳೂರು ಎಂದು ಹಂಚಿಹೋಗಿರುವ ನಾವೊಂದಷ್ಟು ಹಳೆಯ ಸಹಪಾಠಿಗಳು ಮೊಬೈಲಿನಲ್ಲಿ ಗುಂಪು ಕಟ್ಟಿಕೊಂಡಿದ್ದೇವೆ. ದಿನಾ ಬೆಳಿಗ್ಗೆ ಗುಲಾಬಿ ಹೂವಿನ ಚಿತ್ರ ಕಳಿಸುವುದು ಬಿಟ್ಟರೆ ಬೇರೆ ಸಾಧನೆಯಿಲ್ಲ. ಬಿಳಿಚೋಡಿನ ಗೆಳತಿ ಗಿರಿಜಾ ಒಮ್ಮೆ ಬರೆದಳು: ಊರಾಚೆ ಬಿಡಾರ ಹೂಡಿರುವ ಕೂಲಿಯವರ ಮಕ್ಕಳ ಕಾಲಿಗೆ ಏನೂ ಇಲ್ಲ. ನಾವೆಲ್ಲ ಒಂದು ದಿನ ಬರಿಗಾಲಲ್ಲಿ ಓಡಾಡೋಣ. ಯಾಕೆಂದು ಕೇಳಿದವರಿಗೆ ವಿಷಯ ಹೇಳಿ, ಮಕ್ಕಳಿಗೆ ಒಂದು ಜೊತೆ ಚಪ್ಪಲಿ ಕೇಳೋಣ.

ನಾನೇ ಮೊದಲು ಒಪ್ಪಿದೆ. ನಮ್ಮಜ್ಜ ಜೀವಮಾನದಲ್ಲಿ ಚಪ್ಪಲಿ ಮೆಟ್ಟಿದವನಲ್ಲ ಎಂದು ಹೆಂಡತಿಯ ಮುಂದೆ ಜಂಬ ಬೇರೆ.

"ಅಜ್ಜನ ಕಾಲು ಅಜ್ಜಂಗಾತು. ನಿಮ್ಮ ಕಾಲು ಬಚ್ಚಲಿಗೆ ಹೋಗಾಕೂ ಚಪ್ಪಲಿ ಕೇಳ್ತೈತೆ" ಎಂದಳು ಶಾರದೆ.

ಆ ದಿನ ಜಗಳೂರಿನ ನಮ್ಮ ಮನೆಯಿಂದ ಹೊರಟೆ. ಬೀದಿಯ ತಿರುವಿನಲ್ಲೇ ಜಲ್ಲಿಕಲ್ಲೊಂದು ಅಂಗಾಲಿಗೆ ಚುಚ್ಚಿತು. ತೊಂದರೆಯೆಂದರೆ, ಯಾರೂ ಯಾಕೆಂದು ಕೇಳಲಿಲ್ಲ. ಎಲ್ಲರಿಗೂ ಕಾರಣ ತಮಗೆ ತಾವೇ ಗೊತ್ತಿತ್ತು! ಹಾಲಿನವನು ಹರಕೆಯೆಂದು ತಿಳಿದು ಕೈಮುಗಿದ. ಎದುರುಮನೆಯ ಅಜ್ಜಿ, "ಗುಡಿ ಮುಂದೆ ಹೊಸಾ ಚಪ್ಪಲಿ ಬಿಡಬಾರ್ದು ಕಣಪ್ಪ" ಎಂದು ಮರುಗಿತು. ಚಪ್ಪಲಿಗೆ 'ಪಾದರಕ್ಷೆ' ಎಂದು ಘನವಾದ ಹೆಸರಿಟ್ಟು ಹೊಸಿಲಾಚೆಯೇ ನಿಲ್ಲಿಸುವ ಜನ ನಾವು. ಅದಿಲ್ಲದ ಕಾಲಿಗೆ ಮಾತ್ರ ದೈವವೋ ಕಳ್ಳನೋ ಕಾರಣವಾಗಿರಲೇಬೇಕು.

ಹನ್ನೊಂದರ ಬಿಸಿಲಿಗೆ ಕುಣಿಯುತ್ತ ಚಪ್ಪಲಿ ಅಂಗಡಿಯೊಂದನ್ನು ಹೊಕ್ಕೆ. "ಕೂತ್ಕಳ್ರಿ, ನಂಬರ್ ಎಷ್ಟು?" ಎಂದ ಮಾಲೀಕ. ವಿಷಯವೆಲ್ಲ ಹೇಳಿದೆ. ಆತ ಅಟ್ಟದಿಂದ ಮಕ್ಕಳ ಚಪ್ಪಲಿಗಳನ್ನು ಇಳಿಸಿ ಒಂದು ಚೀಲ ತುಂಬಿದ.

"ಇಷ್ಟು ಕೇಳಾಕೆ ಕಾಲು ಯಾಕ್ರೀ ಸುಟ್ಕಂಡ್ರಿ? ಚಪ್ಪಲಿ ಹಾಕ್ಕಂಡೇ ಬಂದಿದ್ರೂ ಕೊಡ್ತಿದ್ದೆ."

ಚೀಲ ಹೊತ್ತು ಬಸ್ಸು ಹತ್ತಿದೆ.

ಬಿಳಿಚೋಡಿನಲ್ಲಿ ಇಳಿದಾಗ ಟಾರು ಕಾದ ಹೆಂಚು. ಗಿರಿಜಾಳ ಜೊತೆ ಬಂದಿದ್ದ, ಕೂಲಿಯವರ ಬಿಡಾರದ ಎಂಟು ವರ್ಷದ ದುರುಗಿ ನನ್ನ ಕುಣಿತವನ್ನು ಕನಿಕರದಿಂದ ನೋಡಿದಳು.

"ಹಂಗೆ ಹಾರಬ್ಯಾಡ್ರಿ ಸಾರ್. ರಸ್ತೆ ಅಂಚಿಗೆ ಬಿಳಿ ಗೆರೆ ಐತಲ್ಲ, ಅದರ ಮ್ಯಾಲೆ ನಡೀರಿ. ಅದು ಅಷ್ಟು ಸುಡಾದಿಲ್ಲ."

ನಡೆದೆ. ನಿಜ! ಇಷ್ಟು ಓದಿದ ನನಗೆ ಇದು ಗೊತ್ತಿರಲಿಲ್ಲ.

"ಯಾರು ಕಲಿಸಿದ್ರಮ್ಮ?"

"ಯಾರು ಕಲಿಸ್ತಾರೆ? ಕಾಲೇ ಕಲ್ತೈತೆ."

ನಾನು ಚೀಲ ಕೆಳಗಿಳಿಸಿದೆ. ಗಿರಿಜಾ ಅಲ್ಲೇ ಚೀಲ ಬಿಚ್ಚಿ, ಅಳತೆ ನೋಡಿ, ಹಸಿರು ಚಪ್ಪಲಿಯ ಜೊತೆಯೊಂದನ್ನು ದುರುಗಿಯ ಕಾಲಿಗೆ ಹಾಕಿದಳು. ಹುಡುಗಿ ಎರಡು ಹೆಜ್ಜೆ ಇಟ್ಟಳು, ಮೂರನೆಯದಕ್ಕೆ ಗೆರೆ ಬಿಟ್ಟಳು. ಖಾಲಿ ರಸ್ತೆಯ ಕರೀ ಟಾರಿನ ಮೇಲೆ ಪಟಪಟ ಸದ್ದು ಮಾಡುತ್ತ ಅಡ್ಡಾದಿಡ್ಡಿ ಓಡಿದಳು. ಕಾಲು ಕಲಿತ ಕೆಲವು ಪಾಠಗಳನ್ನು ಮರೆಯುವುದೇ ಭಾಗ್ಯ.

"ಜಲ್ದಿ ಬರ್ರಿ ಸಾರ್!" ಎಂದು ದೂರದಿಂದ ಕೂಗಿದಳು.

"ಬಂದೆ ತಾಯಿ" ಎಂದೆ. ಗೆರೆ ಮಾತ್ರ ಬಿಡಲಿಲ್ಲ.