ಔಷಧ ಕೊಡದೆ ಕಳಿಸಿದ ಡಾಕ್ಟರು

ಮಗುವನ್ನು ಮನೆಗೆ ಕರೆದುಕೊಂಡು ಹೋಗಿ ಎಂದು ಡಾಕ್ಟರು ಹೇಳಿದರೆ ನಮ್ಮ ಗಂಗಾವತಿ ಕಡೆ ಅದರ ಅರ್ಥ ಎಲ್ಲರಿಗೂ ಗೊತ್ತು. ಇನ್ನು ಆಸೆ ಬಿಡಿ ಅಂತ. ಹುಬ್ಬಳ್ಳಿಯ ಡಾಕ್ಟರು ನಮಗೂ ಅದನ್ನೇ ಹೇಳಿದರು. ಅದೂ ನಗುತ್ತಾ. ನನಗೆ ಸಂಶಯ ಬಂದದ್ದೇ ಆ ನಗುವಿನ ಮೇಲೆ.

ಮಗು ನನ್ನ ಮಗಳು ಶಾಂತಾಳದು. ಹೊಟ್ಟೆ ಉಬ್ಬಿತ್ತು, ಚರ್ಮದಡಿ ಕಡಲೆಕಾಳಿನಷ್ಟು ನೀಲಿ ಗಂಟುಗಳು. ಮೂತ್ರಪಿಂಡದ ಮೇಲೆ ಕ್ಯಾನ್ಸರ್ ಗಡ್ಡೆ, ಲಿವರಿಗೂ ಚರ್ಮಕ್ಕೂ ಹರಡಿದೆ ಎಂದರು. ಚೀಟಿಯಲ್ಲಿ ವಯಸ್ಸು ಒಂದೂವರೆ ವರ್ಷ ಎಂದಿತ್ತು. ಅದನ್ನು ನೋಡಿ ಡಾಕ್ಟರ ಮುಖ ಸಣ್ಣದಾಯಿತು. ಹಲ್ಲಿಲ್ಲ, ನಿಲ್ಲುವುದಿಲ್ಲ, ಖರೆ ವಯಸ್ಸೆಷ್ಟು ಎಂದು ಮತ್ತೆ ಮತ್ತೆ ಕೇಳಿದರು.

ಆ ವಯಸ್ಸು ಬರೆಸಿದವರು ನನ್ನ ಬೀಗತಿ, ಕುಷ್ಟಗಿಯವರು. ದುಂಡಗಿನ ಮಗುವಿನ ವಯಸ್ಸು ಹೆಚ್ಚಿಗೇ ಹೇಳಬೇಕು, ಇಲ್ಲವಾದರೆ ದೃಷ್ಟಿಯಾಗುತ್ತದೆ ಎಂಬುದು ಅವರ ಮನೆಯ ರೂಢಿ. (ಉಬ್ಬಿದ ಹೊಟ್ಟೆಯನ್ನೇ ನಾವೆಲ್ಲ ಮೈ ತುಂಬಿಕೊಂಡಿದೆ ಎಂದುಕೊಂಡಿದ್ದೆವು. ದೇವರು ಕ್ಷಮಿಸಲಿ.)

"ಡಾಕ್ಟರ ಕಣ್ಣೂ ತಾಗತೈತೇನ್ರಿ ಬೀಗತೇರ?" ಎಂದೆ.

"ಕಣ್ಣು ಕಣ್ಣ ಅಲ್ರಿ?" ಎಂದರು ಅವರು.

ಶಾಂತಾ ಅತ್ತೆಯ ಕಡೆ ನೋಡದೆ ಬಾಯಿಬಿಟ್ಟಳು. "ಏಳು ತಿಂಗಳರಿ ಸಾಹೇಬ್ರ."

ಡಾಕ್ಟರು ನಕ್ಕದ್ದು ಆಗಲೇ. ದೊಡ್ಡ ಮಗುವಾಗಿದ್ದರೆ ಹೀಗೆ ಹರಡಿದ್ದು ಭಾರಿ ಕಷ್ಟವಂತೆ. ವರ್ಷದೊಳಗಿನ ಕೂಸಿಗೆ ಲಿವರ್, ಚರ್ಮಕ್ಕೆ ಹರಡಿ, ಎಲುಬು ಸ್ವಚ್ಛವಿದ್ದರೆ, ಎಷ್ಟೋ ಸಲ ತಾನಾಗಿಯೇ ಕರಗುತ್ತದಂತೆ. ಸದ್ಯ ಆಪರೇಷನ್ ಬೇಡ, ಔಷಧವೂ ಬೇಡ. ತಿಂಗಳಿಗೊಮ್ಮೆ ತಂದು ತೋರಿಸಿ, ಉಸಿರಾಟಕ್ಕೆ ತ್ರಾಸಾದರೆ ಮಾತ್ರ ತಕ್ಷಣ ಬನ್ನಿ ಎಂದರು.

ಹರಡಿದ ಕ್ಯಾನ್ಸರ್ ತಾನಾಗಿ ಕರಗುವುದುಂಟೆ? ನನ್ನ ದೊಡ್ಡಪ್ಪನಿಗೆ ಹರಡಿದೆ ಎಂದ ದಿನದಿಂದಲೇ ನಾವು ಅಳಲು ಶುರುಮಾಡಿದ್ದೆವು. ನಮ್ಮ ಸಮಾಧಾನಕ್ಕೆ ಹೇಳುತ್ತಿದ್ದೀರಾ ಎಂದು ನೇರವಾಗಿ ಕೇಳಿಬಿಟ್ಟೆ.

"ಸಮಾಧಾನಕ್ಕಾದ್ರ ತಿಂಗಳಾ ತಿಂಗಳಾ ಬರ್ರಿ ಅಂತಿದ್ದಿಲ್ಲಮ್ಮಾ. ಎಲುಬಿಗೆ ಹೋಗಿದ್ರ ನಾ ಹಿಂಗ ಮಾತಾಡ್ತಿದ್ದಿಲ್ಲ."

ಮನೆಗೆ ಬಂದೆವು. ಹುಲಿಗೆಮ್ಮನಿಗೆ ಹರಕೆ ಹೊತ್ತೆ. ಕೂಸು ಹಾಲು ಕುಡಿದರೆ ಒಂದು ನಮಸ್ಕಾರ, ಮಲಗಿದರೆ ಇನ್ನೊಂದು.

ಮೂರು ತಿಂಗಳು ತೋರಿಸಿ ಬಂದೆವು, ಹೆಚ್ಚೂ ಇಲ್ಲ ಕಡಿಮೆಯೂ ಇಲ್ಲ ಎಂದರು. ನಾಲ್ಕನೇ ತಿಂಗಳು ಕೂಸಿಗೆ ಎರೆಯುವಾಗ ನೋಡುತ್ತೇನೆ, ಉಡಿದಾರ ಸಡಿಲ. ಹೊಟ್ಟೆ ಇಳಿದಿದೆ. ಓಣಿಯವರೆಲ್ಲ ಕೂಸು ಸೊರಗಿತು ಎಂದರು. ನಾನೂ ನಂಬಿದೆ. (ಕೆಟ್ಟದ್ದನ್ನು ಎಷ್ಟು ಬೇಗ ನಂಬುತ್ತೇವೆ!) ಮರುದಿನವೇ ಹುಬ್ಬಳ್ಳಿ ಬಸ್ಸು ಹತ್ತಿದೆವು.

ನರ್ಸಮ್ಮ ತೂಗಿದರು. ತೂಕ ಹೆಚ್ಚಾಗಿತ್ತು. ಗಂಟುಗಳು ಮಾಯವಾಗುತ್ತಿದ್ದವು. ಲಿವರ್ ಕುಗ್ಗಿದೆ ಎಂದರು ಡಾಕ್ಟರು. ಶಾಂತಾ ಕೂಸನ್ನು ಅವಚಿಕೊಂಡು ಅತ್ತಳು.

ನಾನು ಮಾತ್ರ ತಕ್ಕಡಿ ಕೆಟ್ಟಿರಬಹುದೆಂದು ಇನ್ನೊಮ್ಮೆ ತೂಗಿಸಿದೆ. ಒಳ್ಳೆಯ ಸುದ್ದಿಯನ್ನೇ ಏಕೆ ನಾವು ಎರಡೆರಡು ಸಲ ತೂಗುತ್ತೇವೆ?